ಹೊತ್ತೊಯ್ದು ಕಟ್ಟುವ ಬಿಡಾರ: ಮಲೆನಾಡಿನ ಮಳೆಗೆ ತಡೆಯುವ ವಿನ್ಯಾಸ, ಹಂತ ಹಂತವಾಗಿ

ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಪಂಚಾಯಿತಿ ಸದಸ್ಯರು, ಯುವಕ ಸಂಘದವರು, ಸ್ವಸಹಾಯ ಸಂಘದವರು ಕೇಳುವ ಪ್ರಶ್ನೆ ಒಂದೇ. ಧರೆ ಕುಸಿದೋ ಹೊಳೆ ನುಗ್ಗಿಯೋ ಮನೆ ಬಿಟ್ಟವರು ಶಾಲೆಯ ಕಾಳಜಿ ಕೇಂದ್ರದಲ್ಲಿ ಎಷ್ಟು ದಿನ ಇದ್ದಾರು? ಪಾಠ ಶುರುವಾಗಬೇಕು, ಮನೆ ಇನ್ನೂ ಆಗಿಲ್ಲ. ನಡುವಿನ ಆ ತಿಂಗಳುಗಳಿಗೆ ಬಿಚ್ಚಿ ಸಾಗಿಸಿ ಮತ್ತೆ ಕಟ್ಟಬಹುದಾದ ಬಿಡಾರ ಹೇಗಿರಬೇಕು? ಬಯಲುಸೀಮೆಯಲ್ಲಿ ನಡೆಯುವ ಗುಡಾರವನ್ನೇ ತಂದು ಹೊಸನಗರದಲ್ಲೋ ತೀರ್ಥಹಳ್ಳಿಯಲ್ಲೋ ನಿಲ್ಲಿಸಿದರೆ ವಾರದೊಳಗೆ ಅದರ ನೆಲ ಕೆಸರಾಗಿರುತ್ತದೆ. ಇಲ್ಲಿ ಬಿಡಾರ ಸೋಲುವುದು ಬಹುಪಾಲು ಕೆಳಗಿನಿಂದ, ಮೇಲಿನಿಂದಲ್ಲ. ಆದ್ದರಿಂದ ಈ ಲೇಖನದಲ್ಲಿ ಚಾವಣಿಗಿಂತ ಜಾಗ, ನೀರು, ನೆಲಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಇನ್ನೊಂದು ಮಾತು ಮೊದಲೇ. ‘ತಾತ್ಕಾಲಿಕ’ ಎಂದು ಕಟ್ಟಿದ್ದು ಹೇಳಿದ ದಿನಕ್ಕೆ ತೆರವಾಗುವುದು ಅಪರೂಪ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆ ಸಂತ್ರಸ್ತರ ಭೂಮಿಯ ತಕರಾರು ಇವತ್ತಿಗೂ ಮುಗಿದಿಲ್ಲ. ಮೂರು ತಿಂಗಳಿಗೆಂದು ಹೇಳಿದರೂ ಎರಡು ಮಳೆಗಾಲ ತಡೆಯುವ ಸಾಮಾನನ್ನೇ ಲೆಕ್ಕ ಹಾಕಿ.

ಅಳತೆ ಎಲ್ಲಿಂದ ಬಂತು

ನೆರವಿನ ಸಂಸ್ಥೆಗಳು ಜಗತ್ತಿನಾದ್ಯಂತ ಅನುಸರಿಸುವ ಸ್ಫಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಒಳಜಾಗ ಬೇಕು, ಅಡುಗೆ ಮತ್ತು ಸ್ನಾನದ ಜಾಗ ಬಿಟ್ಟು. ಐದು ಜನರ ಕುಟುಂಬಕ್ಕೆ 17.5 ಚದರ ಮೀಟರ್. 10 ಅಡಿ ಅಗಲ, 20 ಅಡಿ ಉದ್ದದ ಬಿಡಾರ 18.6 ಚದರ ಮೀಟರ್ ಆಗುತ್ತದೆ. ಪೈಪು ಮಾರುಕಟ್ಟೆಯಲ್ಲಿ ಬರುವುದೂ ಹೆಚ್ಚಾಗಿ 20 ಅಡಿ ಉದ್ದದಲ್ಲೇ. ಹಾಗಾಗಿ ಈ ಅಳತೆಯಲ್ಲಿ ಪೈಪು ಹೆಚ್ಚು ಕಡಿಮೆ ಪೋಲಾಗುವುದಿಲ್ಲ.

ಗೋಡೆಯ ಕಡೆ ಎತ್ತರ 6 ಅಡಿ, ನಡುವಿನ ನೆತ್ತಿ ಒಂಬತ್ತೂವರೆ ಅಡಿ. ಅಂದರೆ ಐದಡಿ ಅಡ್ಡ ಹೋಗುವಷ್ಟರಲ್ಲಿ ಮೂರೂವರೆ ಅಡಿ ಇಳಿಯುವ ಚಾವಣಿ, ಸುಮಾರು 35 ಡಿಗ್ರಿ ಇಳಿಜಾರು. ಇದನ್ನು ಕಡಿಮೆ ಮಾಡಬೇಡಿ. ‘ಗಾಳಿಗೆ ತಗ್ಗಾಗಿರಲಿ’ ಎಂದು 20 ಡಿಗ್ರಿಗೆ ಇಳಿಸಿದರೆ ಟಾರ್ಪಾಲಿನ್ ಜೋತು ಬಿದ್ದು ಅಲ್ಲಲ್ಲಿ ನೀರು ನಿಲ್ಲುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು, ಒಂದು ಕಿಲೋ ತೂಕ. ರಾತ್ರಿಯ ಮಳೆಗೆ ಒಂದು ಜೋಲಿಯಲ್ಲಿ ನೂರು ಕಿಲೋ ನಿಲ್ಲುವುದು ದೊಡ್ಡ ಸಂಗತಿಯಲ್ಲ.

ಬೇಕಾಗುವ ಸಾಮಾನು (ಒಂದು ಬಿಡಾರಕ್ಕೆ)

- ಒಂದಿಂಚಿನ ಜಿಐ ಪೈಪು (ತುಕ್ಕು ತಡೆಯಲು ಸತುವಿನ ಲೇಪ ಕೊಟ್ಟ ಕಬ್ಬಿಣದ ಪೈಪು), ಲೈಟ್ ಕ್ಲಾಸ್ (ತೆಳು ದಪ್ಪದ್ದು), 20 ಅಡಿಯದು: 8
- ಮುಕ್ಕಾಲು ಇಂಚಿನದು: 5
- ಒಂದೂಕಾಲು ಇಂಚಿನದು, ಸಾಕೆಟ್ (ಇನ್ನೊಂದು ಪೈಪನ್ನು ತೂರಿಸಿ ಜೋಡಿಸುವ ಕೊಳವೆ ತುಂಡು) ಮಾಡಲು: 3
- 8 ಎಂಎಂ ದಪ್ಪ, 60 ಎಂಎಂ ಉದ್ದದ ಬೋಲ್ಟ್, ನಟ್, ವಾಷರ್: ಲೆಕ್ಕಕ್ಕೆ 70, ಕೈಗೆ 80
- ಚಾವಣಿಗೆ 18×24 ಅಡಿಯ ಸಿಲ್ಪಾಲಿನ್ (ಪ್ಲಾಸ್ಟಿಕ್ ಟಾರ್ಪಾಲಿನ್ ಹಾಳೆ), 200 ಜಿಎಸ್ಎಂ
- ಗೋಡೆಗೆ 150 ಜಿಎಸ್ಎಂ, ಸುಮಾರು 500 ಚದರ ಅಡಿ
- ನೆಲಕ್ಕೆ 250 ಜಿಎಸ್ಎಂ, 11×21 ಅಡಿ
- 8 ಎಂಎಂ ಹಗ್ಗ 50 ಮೀಟರ್, ಹಳೆಯ ಲಾರಿ ಟ್ಯೂಬು ಎರಡು, ಸೊಳ್ಳೆಪರದೆ ಬಟ್ಟೆ, ಸಿಮೆಂಟಿನ ಖಾಲಿ ಚೀಲ 70
- ಹಾರೆ, ಗುದ್ದಲಿ, ಪಿಕಾಸಿ, ಸುತ್ತಿಗೆ, ಕತ್ತಿ, 13ರ ಸ್ಪ್ಯಾನರ್ ಎರಡು, ಲೆವೆಲ್ ಟ್ಯೂಬು (ನೀರು ತುಂಬಿ ಮಟ್ಟ ನೋಡುವ ಕೊಳವೆ)

ಜಿಎಸ್ಎಂ ಎಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಅಡಿಕೆ ಮುಚ್ಚಲು ಕೊಳ್ಳುವ 90ರ ಹಾಳೆ ಒಂದು ಮಳೆಗಾಲವನ್ನೂ ಪೂರ್ತಿ ಬಾಳುವುದಿಲ್ಲ. ಅಂಗಡಿಯಲ್ಲಿ ಹೇಳಿದ ಸಂಖ್ಯೆಯನ್ನು ನಂಬದೆ ತೂಕ ಹಾಕಿಸಿ: 18×24 ಅಡಿ ಎಂದರೆ 40 ಚದರ ಮೀಟರ್, 200 ಜಿಎಸ್ಎಂ ಆದರೆ 8 ಕಿಲೋ ತೂಗಬೇಕು. ಆರೂವರೆ ಕಿಲೋ ಬಂದರೆ ಅದು 160ರದ್ದು, ವಾಪಸ್ ಕೊಡಿ.

ಪೈಪು ಸುಮಾರು 175 ಕಿಲೋ, ಹಾಳೆಗಳು 20, ಉಳಿದದ್ದು 10. ಒಟ್ಟು 205 ಕಿಲೋ. ಒಂದು ಪಿಕಪ್ ಗಾಡಿಯಲ್ಲಿ ನಾಲ್ಕೈದು ಬಿಡಾರ ಹಿಡಿಯುತ್ತದೆ. ಆದರೆ ರಸ್ತೆ ಕೊಚ್ಚಿಹೋದ ಊರಿನಲ್ಲಿ ಕೊನೆಯ ಒಂದೆರಡು ಕಿಲೋಮೀಟರ್ ಹೆಗಲ ಮೇಲೇ ಹೋಗಬೇಕು. ಆದ್ದರಿಂದ ಯಾವ ತುಂಡೂ 10 ಅಡಿ ಮೀರಬಾರದು, ಯಾವ ಹೊರೆಯೂ 25 ಕಿಲೋ ದಾಟಬಾರದು. ಅಂಥ ಒಂಬತ್ತು ಹೊರೆ ಆಗುತ್ತದೆ.

ಹಂತ 1: ಜಾಗ ನೋಡುವುದು

ಇಡೀ ಕೆಲಸದಲ್ಲಿ ತಪ್ಪಾದರೆ ಜೀವಕ್ಕೇ ಬರುವ ಹಂತ ಇದು. ಉಳಿದ ಯಾವ ತಪ್ಪನ್ನೂ ಮರುದಿನ ಸರಿಮಾಡಬಹುದು.

ಮೊದಲು ಮೇಲೆ ನೋಡಿ. ಜೆಸಿಬಿಯಲ್ಲಿ ಕಡಿದು ನಿಲ್ಲಿಸಿದ ಧರೆಯ ಬುಡದಲ್ಲಿ ಸಮತಟ್ಟಾದ ಜಾಗ ಯಾವಾಗಲೂ ಸಿಗುತ್ತದೆ. ಅದಕ್ಕೇ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಧರೆಯ ಎತ್ತರದ ಎರಡರಷ್ಟು ದೂರವನ್ನಾದರೂ ಬಿಡಿ: 15 ಅಡಿಯ ಧರೆಗೆ 30 ಅಡಿ. ಗುಡ್ಡದ ಮೇಲೆ ಹೊಸ ಬಿರುಕು, ಬುಡದಲ್ಲಿ ಬಾಗಿ ತುದಿ ಮೇಲಕ್ಕೆ ತಿರುಗಿದ ಮರಗಳು, ಈ ವರ್ಷ ಹೊಸದಾಗಿ ಎದ್ದ ಜಲ, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗಿ ಹರಿಯುವುದು, ಇವುಗಳಲ್ಲಿ ಒಂದು ಕಂಡರೂ ಆ ಜಾಗ ಬೇಡ. ಒರತೆ ಕೆಂಪಾಗುವುದು ಗುಡ್ಡದ ಒಳಗಿನ ಮಣ್ಣು ಕದಲಿದ್ದರ ಗುರುತು. ಅಂಥ ಕಡೆ ಈಗಾಗಲೇ ಬಿಡಾರ ಇದ್ದರೆ ಸಾಮಾನು ಕಟ್ಟುತ್ತಾ ಕೂರದೆ ಜನರನ್ನು ಎಬ್ಬಿಸಿ.

ಇಳಿಜಾರಿನಲ್ಲಿ ಇಂಗುಗುಂಡಿ ತೋಡಿದ ಗುಡ್ಡದ ಕೆಳಗೂ ಬೇಡ. ಬೇಸಗೆಯಲ್ಲಿ ಒಳ್ಳೆಯದು ಮಾಡುವ ಗುಂಡಿ, ಬಿಡದೆ ಸುರಿಯುವ ಆಶ್ಲೇಷ ಮಳೆಯಲ್ಲಿ ಗುಡ್ಡದ ಒಡಲಿಗೆ ನೀರು ತುಂಬಿಸುತ್ತದೆ.

ಆಮೇಲೆ ಕೆಳಗೆ ನೋಡಿ. ಬೇಸಗೆಯಲ್ಲಿ ಒಣಗಿರುವ ಹಳ್ಳದ ಬಾಯಿ ಎಷ್ಟೇ ಅಗಲವಾಗಿದ್ದರೂ ಅದು ಹಳ್ಳದ್ದೇ ಜಾಗ. ಹೊಳೆ ಎಲ್ಲಿಯವರೆಗೆ ಏರಿತ್ತು ಎಂದು ಊರಿನ ಹಿರಿಯರನ್ನು ಕೇಳಿ. ಇತ್ತೀಚಿನ ಗುರುತಾಗಿ 2019ರ ಆಗಸ್ಟ್ ಪ್ರವಾಹದ ಎತ್ತರವನ್ನು ಕೇಳಿದರೆ ಹೆಚ್ಚಿನ ಕಡೆ ಜನ ಗೋಡೆ ತೋರಿಸಿಯೇ ಹೇಳುತ್ತಾರೆ. ಗದ್ದೆಬಯಲು ಸಮತಟ್ಟಾಗಿ ಕಂಡರೂ ನೀರು ನಿಲ್ಲಲೆಂದೇ ಮಾಡಿದ ನೆಲ ಅದು, ಬಿಡಿ. ತೋಟದ ಅಂಚಿನಲ್ಲಿ ಒಣಗಿದ ಮರ, ತೆಂಗು, ವಿದ್ಯುತ್ ತಂತಿ ಇಲ್ಲದಿರಲಿ. ಸರಿಯಾದ ಜಾಗ ಎಂದರೆ ನೂರಡಿಗೆ ಒಂದರಿಂದ ಐದು ಅಡಿ ಇಳಿಯುವ ಗೊಚ್ಚು (ಗರಸು) ಮಣ್ಣಿನ ದಿಣ್ಣೆ. ಪೂರ್ತಿ ಸಮತಟ್ಟಾಗಿದ್ದರೆ ನೀರು ಹೋಗುವುದಿಲ್ಲ.

ಜಾಗ ಯಾರದೆಂದು ಗಿಡ ಕಡಿಯುವ ಮೊದಲೇ ವಿಚಾರಿಸಿ. ಖಾಲಿ ಕಂಡ ದಿಣ್ಣೆ ಅರಣ್ಯ ಇಲಾಖೆಯದಾಗಿರುವುದು ಮಲೆನಾಡಿನಲ್ಲಿ ಮಾಮೂಲು. ತಹಶೀಲ್ದಾರರ ಕಚೇರಿ ಮತ್ತು ಪಂಚಾಯಿತಿಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ನಂಬಿ ಕಟ್ಟಿದರೆ ಅದೇ ಕುಟುಂಬವನ್ನು ಎರಡನೇ ಸಲ ಎಬ್ಬಿಸಬೇಕಾಗುತ್ತದೆ.

ಹಂತ 2: ಗುರುತು ಮತ್ತು ದಿಕ್ಕು

ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬರುತ್ತದೆ. 10 ಅಡಿಯ ಮೋಟು ಬದಿಯನ್ನು ಆ ಕಡೆಗೆ ತಿರುಗಿಸಿ, ಬಾಗಿಲನ್ನು ಅದರ ಎದುರಿನ ಪೂರ್ವದ ಬದಿಯಲ್ಲಿಡಿ. ಇರಚಲು ಹೊಡೆಯುವ ಕಡೆ ಬಾಗಿಲಿಟ್ಟ ಬಿಡಾರ ಒಳಗೆ ಒಣಗುವುದೇ ಇಲ್ಲ.

ನಾಲ್ಕು ಮೂಲೆಗೆ ಗೂಟ ಹೊಡೆದು ದಾರ ಕಟ್ಟಿ. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆದರೆ ಎರಡೂ ಕಡೆ 22 ಅಡಿ ನಾಲ್ಕೂಕಾಲು ಇಂಚು ಬರಬೇಕು. ಒಂದಿಂಚು ವ್ಯತ್ಯಾಸವಿದ್ದರೂ ಗೂಟ ಸರಿಸಿ. ಇಲ್ಲಿ ಬಿಟ್ಟ ವಕ್ರ ಚಾವಣಿ ಹಾಳೆ ಎಳೆಯುವಾಗ ಸುಕ್ಕಾಗಿ ಕಾಣಿಸುತ್ತದೆ, ಆ ಸುಕ್ಕಿನಲ್ಲಿ ನೀರು ನಿಲ್ಲುತ್ತದೆ.

ಬಿಡಾರಗಳ ನಡುವೆ 20 ಅಡಿ ಬಿಡಿ. ಎತ್ತರದ ಎರಡರಷ್ಟು ಅಂತರ ಎಂಬ ಬೆಂಕಿಯ ನಿಯಮ ಇದು. ಇಡೀ ಶಿಬಿರಕ್ಕೆ ರಸ್ತೆ, ಶೌಚಾಲಯ, ಅಡುಗೆ, ಅಂಗಳ ಎಲ್ಲ ಸೇರಿ ಒಬ್ಬರಿಗೆ 45 ಚದರ ಮೀಟರ್ ಬೇಕು. ಅಂದರೆ ಒಂದು ಎಕರೆಗೆ 90 ಜನ, 18 ಬಿಡಾರ. ‘ಇಷ್ಟು ಜಾಗದಲ್ಲಿ ನಲವತ್ತು ಹಾಕಬಹುದಲ್ಲ’ ಎನ್ನುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಅವರ ಮಾತು ಕೇಳಬೇಡಿ.

ಹಂತ 3: ಕಾಲುವೆ

ಕಂಬಕ್ಕೂ ಮೊದಲು ಕಾಲುವೆ. ಈ ಚಾವಣಿಯ ಹರವು ಸೂರಂಚು ಸೇರಿ ಸುಮಾರು 25 ಚದರ ಮೀಟರ್. ದಿನಕ್ಕೆ 100 ಮಿಲಿಮೀಟರ್ ಮಳೆಯಾದರೆ, ಆಗುಂಬೆಯ ಸುತ್ತ ಅದು ದೊಡ್ಡ ಮಳೆಯೂ ಅಲ್ಲ, ಒಂದು ಬಿಡಾರದ ಮೇಲಿಂದಲೇ 2,500 ಲೀಟರ್ ನೀರು ಕೆಳಗೆ ಬೀಳುತ್ತದೆ. ಮೇಲಿನ ಇಳಿಜಾರಿನಿಂದ ಹರಿದು ಬರುವುದು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಎರಡು ಬೇರೆ ಬೇರೆ ಕಾಲುವೆ ಬೇಕು. ಮೊದಲನೆಯದು ಮೇಲ್ಬದಿಯಲ್ಲಿ, ಬಿಡಾರದಿಂದ ಆರೇಳು ಅಡಿ ದೂರದಲ್ಲಿ, ಒಂದೂವರೆ ಅಡಿ ಆಳದ ತಡೆಗಾಲುವೆ. ತೆಗೆದ ಮಣ್ಣನ್ನು ಕೆಳಬದಿಗೆ ಏರಿಯ ಹಾಗೆ ಹಾಕಿ. ಎರಡನೆಯದು ಸೂರಿನ ನೀರು ಬೀಳುವ ಗೆರೆಯಲ್ಲಿ, ಗೋಡೆಯಿಂದ ಸುಮಾರು ಒಂದು ಅಡಿ ಎಂಟು ಇಂಚು ಹೊರಗೆ, ಒಂದಡಿ ಅಗಲ, ಒಂದಡಿ ಆಳ. 20 ಅಡಿಯ ಉದ್ದಕ್ಕೆ ಎರಡೂವರೆ ಇಂಚು ಇಳಿಯಲಿ. ಇದನ್ನು ಗೋಡೆಗೆ ಹತ್ತಿರ ತೋಡಿದರೆ ನೆಲದ ಸಾಕೆಟ್‌ಗಳ ಮಣ್ಣು ಸಡಿಲವಾಗುತ್ತದೆ. ನೀರು ಧುಮುಕುವ ಕಡೆ ತಳಕ್ಕೆ ಕಲ್ಲು ಹಾಸಿ, ಇಲ್ಲದಿದ್ದರೆ ಒಂದೇ ವಾರದಲ್ಲಿ ಕೊರೆಯುತ್ತದೆ.

ಕಾಲುವೆ ಎಲ್ಲಿ ಕೊನೆಯಾಗುತ್ತದೆ ಎನ್ನುವುದರಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಬಿಡಾರ ದಾಟಿದರೆ ಸಾಕೆಂದು ಇಳಿಜಾರಿನ ನಡುವೆ ಬಿಟ್ಟರೆ ಆ ನೀರು ಅಲ್ಲೇ ಇಂಗಿ ಕೆಳಗಿನ ಧರೆಯನ್ನು ಕೆಡವುತ್ತದೆ. ನೈಸರ್ಗಿಕ ಹಳ್ಳ ಸಿಗುವವರೆಗೆ ಒಯ್ಯಿರಿ. ಬೇರೆಯವರ ತೋಟದ ಬಸಿಗಾಲುವೆಗೆ ಬಿಡುವುದಾದರೆ ಅವರನ್ನು ಕೇಳಿಯೇ ಬಿಡಿ.

ಹಂತ 4: ವರ್ಕ್‌ಶಾಪಿನಲ್ಲಿ ಪೈಪು ಕತ್ತರಿಸುವುದು

ಇದನ್ನು ಮಳೆಗಾಲಕ್ಕೆ ಮೊದಲೇ ಮಾಡಿಟ್ಟುಕೊಂಡಿರಬೇಕು. ಬಿಡಾರಕ್ಕೆ ಐದಡಿಗೊಂದರಂತೆ ಐದು ಚೌಕಟ್ಟು. ಒಂದು ಚೌಕಟ್ಟಿಗೆ 6 ಅಡಿಯ ಎರಡು ಕಂಬ, 8 ಅಡಿಯ ಎರಡು ಪಕಾಸಿ (ನೆತ್ತಿಯಿಂದ ಸೂರಿಗೆ ಇಳಿಯುವ ಪೈಪು). ಪಕಾಸಿಯ ಆರಡಿ ಒಂದಿಂಚು ಗೋಡೆಯವರೆಗೆ, ಉಳಿದದ್ದು ಸೂರಂಚು.

ಒಂದಿಂಚಿನ ಪೈಪು ಕತ್ತರಿಸುವ ಕ್ರಮ: ಐದು ಪೈಪುಗಳಲ್ಲಿ 6, 6, 8. ಇದರಿಂದ ಹತ್ತು ಕಂಬ, ಐದು ಪಕಾಸಿ ಸಿಕ್ಕವು. ಎರಡು ಪೈಪುಗಳಲ್ಲಿ 8, 8, ಉಳಿಕೆ 4. ಕೊನೆಯದರಲ್ಲಿ 8, ಉಳಿಕೆ 12. ಉಳಿಕೆ ಒಟ್ಟು 20 ಅಡಿ. ಅದನ್ನು ಎರಡಡಿಯ ಹತ್ತು ತುಂಡು ಮಾಡಿದರೆ ಕಂಬ ಮತ್ತು ಪಕಾಸಿ ಸೇರುವ ಹತ್ತು ಮೂಲೆಗಳಿಗೆ ಆಸರೆ ತುಂಡು ಆಯಿತು. ಗರಗಸ ತಿನ್ನುವ ಪಾಲು ಈ ಆಸರೆ ತುಂಡುಗಳಲ್ಲಿ ಹೋಗಲಿ, ಕಂಬಗಳಲ್ಲಿ ಬೇಡ. ಕತ್ತರಿಸುವ ಮೊದಲು ಪೈಪು ಅಳೆಯಿರಿ: ಕೆಲವು 6 ಮೀಟರ್ ಇರುತ್ತವೆ, ಅಂದರೆ 20 ಅಡಿಗೆ ನಾಲ್ಕು ಇಂಚು ಕಡಿಮೆ. ಹಾಗಿದ್ದರೆ ಎಲ್ಲ ಪಕಾಸಿಯನ್ನೂ ಏಳಡಿ ಎಂಟಿಂಚಿಗೆ ಇಳಿಸಿ, ಸೂರಂಚು ಮಾತ್ರ ಚಿಕ್ಕದಾಗುತ್ತದೆ.

ಮುಕ್ಕಾಲು ಇಂಚಿನ ಐದು ಪೈಪು ಅಡ್ಡಪೈಪಿಗೆ: ನೆತ್ತಿಗೆ ಒಂದು, ಎರಡೂ ಇಳಿಜಾರಿನ ನಡುವಿಗೆ ಒಂದೊಂದು, ಎರಡೂ ಗೋಡೆಯ ಮೇಲ್ತುದಿಗೆ ಒಂದೊಂದು. ಎಲ್ಲವನ್ನೂ 10 ಅಡಿಗೆ ತುಂಡರಿಸಿ.

ಒಂದೂಕಾಲು ಇಂಚಿನದರಲ್ಲಿ ಮೂರು ಬಗೆಯ ಸಾಕೆಟ್. ಒಂದಿಂಚಿನ ಪೈಪು ಇದರೊಳಗೆ ಸ್ವಲ್ಪ ಸಡಿಲವಾಗಿ ಕೂರುತ್ತದೆ. ಆ ಸಡಿಲ ಬೇಕು, ಬಿಗಿಯಾಗಿದ್ದರೆ ಕೆಸರು ಹಿಡಿದ ಮೇಲೆ ಬಿಚ್ಚಲು ಬರುವುದಿಲ್ಲ.

ನೆತ್ತಿಯ ಸಾಕೆಟ್, 5: ಆರಿಂಚಿನ ಎರಡು ತುಂಡನ್ನು 110 ಡಿಗ್ರಿ ಕೋನದಲ್ಲಿ ಬೆಸೆಯುವುದು.

ಗೋಡೆಯ ಸಾಕೆಟ್, 10: ಎಂಟಿಂಚಿನ ತುಂಡು ಪಕಾಸಿಯ ಮೇಲೆ ಜಾರಿ ಕೂರುತ್ತದೆ, ಅದರ ಹೊಟ್ಟೆಗೆ ಆರಿಂಚಿನ ತುಂಡು ಬೆಸೆದು ಕಂಬಕ್ಕೆ ಕೊಡುವುದು. ಕಂಬಕ್ಕೂ ಸೂರಂಚಿನ ಕಡೆಗೂ ನಡುವೆ 55 ಡಿಗ್ರಿ ಇರಲಿ. ಹಲಗೆಯಲ್ಲಿ ಕೋನದ ಮಾದರಿಯೊಂದನ್ನು ಕತ್ತರಿಸಿ ವೆಲ್ಡರ್ ಕೈಗೆ ಕೊಡಿ. ಕಣ್ಣಂದಾಜಿನಲ್ಲಿ ಬೆಸೆದರೆ ಹತ್ತೂ ಹತ್ತು ತರ ಆಗುತ್ತವೆ, ಒಂದು ಬಿಡಾರದ ತುಂಡು ಇನ್ನೊಂದಕ್ಕೆ ಕೂರುವುದಿಲ್ಲ.

ನೆಲದ ಸಾಕೆಟ್, 10: ಮೂರಡಿಯದು, ಕೆಳತುದಿ ಓರೆಯಾಗಿ ಕತ್ತರಿಸಿದ್ದು. ಮೇಲ್ತುದಿಯಿಂದ ಆರಿಂಚು ಕೆಳಗೆ ಒಂದು ಅಡ್ಡ ಬೋಲ್ಟ್. ಕಂಬ ಅದರ ಮೇಲೆ ಕೂರುತ್ತದೆ. ಅದಕ್ಕಿಂತ ಮೇಲೆ ಕಂಬವನ್ನೂ ಸೇರಿಸಿ ಇನ್ನೊಂದು ಬೋಲ್ಟ್. ಗಾಳಿ ಎತ್ತುವಾಗ ಹಿಡಿದುಕೊಳ್ಳುವುದು ಈ ಎರಡನೆಯದು.

ಅಡ್ಡಪೈಪು ಜಾರದಂತೆ 10 ಎಂಎಂ ಕಂಬಿಯ ಕೊಕ್ಕೆ ಬೆಸೆಯಿರಿ. ಗೋಡೆ ಮತ್ತು ನೆತ್ತಿಯ ಕೊಕ್ಕೆಗಳು ಸಾಕೆಟ್‌ನ ಮೈಮೇಲೇ ಇರಲಿ. ಪಕಾಸಿಯ ಸೂರಂಚಿನ ಕಡೆ ಬೆಸೆದುಬಿಟ್ಟರೆ ಗೋಡೆಯ ಸಾಕೆಟ್ ಜಾರಿ ಹೋಗಲು ದಾರಿಯೇ ಇರುವುದಿಲ್ಲ.

ಬೆಸೆಯುವ ಜಾಗದ ಸತುವಿನ ಲೇಪವನ್ನು ಮೊದಲು ಉಜ್ಜಿ ತೆಗೆಯಬೇಕು, ಬಯಲಿನಲ್ಲೇ ಬೆಸೆಯಬೇಕು. ಸತುವಿನ ಹೊಗೆ ಕುಡಿದವರಿಗೆ ಅಂದು ರಾತ್ರಿ ಚಳಿಜ್ವರ ಬರುತ್ತದೆ. ಲೇಪ ಹೋದ ಕಡೆಗೆ ಆಮೇಲೆ ಜಿಂಕ್ ಪೇಂಟ್ ಎರಡು ಕೈ ಬಳಿಯಿರಿ. ಬಿಡಾರ ತುಕ್ಕು ಹಿಡಿಯುವುದು ಯಾವಾಗಲೂ ಬೆಸುಗೆಯಲ್ಲೇ.

ತೂತೆಲ್ಲ 9 ಎಂಎಂ, ಬೋಲ್ಟೆಲ್ಲ 8 ಎಂಎಂ, ಉದ್ದ ಒಂದೇ. ಮೂರು ಅಳತೆಯ ಬೋಲ್ಟ್ ಇಟ್ಟರೆ ಮಳೆಯಲ್ಲಿ, ಕತ್ತಲಲ್ಲಿ ಹುಡುಕುವಾಗ ಬೇಕಾದ್ದು ಸಿಗುವುದಿಲ್ಲ.

ಹಂತ 5: ನೆಲದ ಸಾಕೆಟ್ ಹೊಡೆಯುವುದು

ಎರಡಡಿ ನೆಲದೊಳಗೆ, ಒಂದಡಿ ಮೇಲೆ. ಹಾರೆಯಲ್ಲಿ ಒಂದಡಿ ದಾರಿ ಮಾಡಿ, ಆಮೇಲೆ ಮರದ ತುಂಡು ಇಟ್ಟು ಬಡಿಯಿರಿ. ನೇರ ಸುತ್ತಿಗೆ ಹೊಡೆದರೆ ಬಾಯಿ ನಜ್ಜಾಗಿ ಕಂಬ ಇಳಿಯುವುದಿಲ್ಲ. ಹತ್ತರ ತಲೆಯೂ ಒಂದೇ ಮಟ್ಟದಲ್ಲಿರಬೇಕು. ಗಾರೆ ಕೆಲಸದವರ ಲೆವೆಲ್ ಟ್ಯೂಬಿನಲ್ಲಿ ನೋಡಿ.

ಹಿಡಿತ ಎಷ್ಟಿರಬೇಕು? ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು 24 ಕಿಲೋ ಭಾರದಷ್ಟು ಒತ್ತುತ್ತದೆ. ಅದೇ ಬಲ 25 ಚದರ ಮೀಟರಿನ ಚಾವಣಿಯನ್ನು ಎತ್ತಿದರೆ 600 ಕಿಲೋ. ಬಿಡಾರದ ತೂಕ 205. ಉಳಿದ 400 ಕಿಲೋವನ್ನು ನೆಲವೇ ಹಿಡಿಯಬೇಕು, ಸಾಕೆಟ್ಟಿಗೆ 40. ಗಾಳಿ ಎಲ್ಲ ಕಂಬವನ್ನೂ ಸಮನಾಗಿ ಎತ್ತುವುದಿಲ್ಲವಾದ್ದರಿಂದ ಒಂದೊಂದೂ 100 ಕಿಲೋ ತಡೆಯಲಿ. ಹಾರೆಯನ್ನು ಸನ್ನೆಯಾಗಿ ಕೊಟ್ಟು ಇಬ್ಬರು ಮೀಟಿದರೂ ಸಾಕೆಟ್ ಕದಲದಿದ್ದರೆ ಸರಿ. ಈ ಪರೀಕ್ಷೆಯನ್ನು ಒಣ ನೆಲದಲ್ಲಿ ಮಾಡಿ ಸಮಾಧಾನಪಡಬೇಡಿ. ಬುಡಕ್ಕೆ ನಾಲ್ಕು ಕೊಡ ನೀರು ಸುರಿದು ಮಾಡಿ.

ಕದಲಿದರೆ ಅಥವಾ ಜಂಬಿಟ್ಟಿಗೆ ಪದರ ಸಿಕ್ಕಿ ಇಳಿಯದೇ ಹೋದರೆ ‘ಹೂತ ತುಂಡು’ ಬೇಕು. ನಾಲ್ಕು ಮೂಲೆಯ ಹೊರಗೆ ಎರಡೂವರೆ ಅಡಿ ಗುಂಡಿ ತೆಗೆದು, ಮೂರಡಿಯ ಗಟ್ಟಿ ಮರದ ತುಂಡಿಗೆ ಹಗ್ಗ ಬಿಗಿದು ಅಡ್ಡಲಾಗಿ ಮಲಗಿಸಿ, ಕಲ್ಲು ಮಣ್ಣು ತುಂಬಿ ದಿಮ್ಮಸು ಬಡಿಯಿರಿ. ಹಗ್ಗ ಮೇಲೆ ಬರುವ ದಾರಿ ಓರೆಯಾಗಿರಲಿ. ಜಂಬಿಟ್ಟಿಗೆ ಪದರ ಮೇಲೇ ಇದ್ದರೆ ಅಗೆಯುವ ಬದಲು ಅಷ್ಟೇ ಹಿಡಿತ ಕೊಡುವಷ್ಟು ತೂಕದ ಮಣ್ಣಿನ ಚೀಲ ಹೇರಿ.

ಹಂತ 6: ಎಬ್ಬಿಸುವುದು

ಆರು ಜನ ಸಾಕು. ಚೌಕಟ್ಟುಗಳನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ, ಆಸರೆ ತುಂಡುಗಳ ತುದಿ ಚಪ್ಪಟೆ ಮಾಡಿ ಬೋಲ್ಟ್ ಹಾಕಿ. ನಟ್ ಕೈಬಿಗಿಯಷ್ಟೇ ಇರಲಿ. ಮೊದಲ ಎರಡು ಚೌಕಟ್ಟು ಎಬ್ಬಿಸಿ ಅಡ್ಡಪೈಪು ಕೂರಿಸಿದ ಮೇಲೆ ಅದು ತಾನೇ ನಿಲ್ಲುತ್ತದೆ. ಐದೂ ನಿಂತ ಮೇಲೆ ಮಾತ್ರ ಸ್ಪ್ಯಾನರ್. ಮೊದಲೇ ಬಿಗಿದರೆ ಕೊನೆಯ ಚೌಕಟ್ಟಿಗೆ ತೂತು ಕೂಡುವುದಿಲ್ಲ.

ಅಡ್ಡಪೈಪುಗಳನ್ನು ಕೊಕ್ಕೆಯಲ್ಲಿಟ್ಟು ಲಾರಿ ಟ್ಯೂಬಿನ ಎರಡಿಂಚು ಅಗಲದ ಪಟ್ಟಿಯನ್ನು ಎಳೆದೆಳೆದು ಸುತ್ತಿ ಕಟ್ಟಿ. ಬೋಲ್ಟಿನ ತಲೆ, ಕಟ್ಟುಗಂಬಿಯ ಮೊನೆ ಯಾವುದೂ ಹಾಳೆಗೆ ತಾಗಬಾರದು. ಪಕಾಸಿಯ ತುದಿಗಳಿಗೂ ಟ್ಯೂಬು ಸುತ್ತಿ. ಎರಡು ಕೊನೆಯ ಅಂಕಣಗಳಲ್ಲಿ (ಅಂಕಣ ಎಂದರೆ ಎರಡು ಚೌಕಟ್ಟುಗಳ ನಡುವಿನ ಜಾಗ), ಗೋಡೆಗೂ ಚಾವಣಿಗೂ, ಗುಣಾಕಾರದ ಗುರುತಿನಂತೆ ಹಗ್ಗ ಬಿಗಿಯಿರಿ. ಇದಿಲ್ಲದ ಬಿಡಾರ ಒಂದು ಕಡೆಗೆ ವಾಲಿ ಮಲಗುತ್ತದೆ, ಪೈಪು ಮುರಿದು ಬೀಳುವುದು ಕಡಿಮೆ.

ಹಂತ 7: ಹಾಳೆ

ಹೆಂಚಿನ ನಿಯಮವೇ ಇಲ್ಲಿಯೂ: ಮೇಲಿನದು ಯಾವಾಗಲೂ ಕೆಳಗಿನದರ ಹೊರಮೈಗೆ ಬರಬೇಕು. ಹಾಗಾಗಿ ಮೊದಲು ಗೋಡೆ, ಆಮೇಲೆ ಚಾವಣಿ.

ಚಾವಣಿ ಹಾಳೆಯ 18 ಅಡಿ ಅಡ್ಡಕ್ಕೆ, 24 ಅಡಿ ಉದ್ದಕ್ಕೆ. ಸೂರಂಚಿನ ಎರಡೂ ಬದಿ ಸುಮಾರು ಮುಕ್ಕಾಲರಿಂದ ಒಂದಡಿ ಉಳಿಯುತ್ತದೆ. ಅದನ್ನು ಬಿದಿರಿನ ಸೀಳಿಗೆ ಸುತ್ತಿ ಪಕಾಸಿ ತುದಿಗೆ ಕಟ್ಟಿ. ಅಂಚಿನ ಲೋಹದ ಕಣ್ಣುಗಳನ್ನು ನಂಬಬೇಡಿ, ಗಾಳಿ ಮೊದಲು ಕೀಳುವುದು ಅವುಗಳನ್ನೇ. ಬೇರೆ ಕಡೆ ಕಟ್ಟಬೇಕಾದರೆ ಹಾಳೆಯ ಒಳಗೊಂದು ಗೋಟಡಿಕೆ ಇಟ್ಟು ಅದರ ಕೊರಳಿಗೆ ಹೊರಗಿನಿಂದ ಹಗ್ಗ ಬಿಗಿಯಿರಿ. ತೂತಿಲ್ಲ, ಹರಿಯುವುದಿಲ್ಲ. ಮೋಟು ಬದಿಗಳಲ್ಲಿ ಮಿಗುವ ಎರಡೆರಡು ಅಡಿಯನ್ನು ಗೋಡೆಯ ಹೊರಮೈ ಮೇಲೆ ಇಳಿಬಿಡಿ.

ಆ ಇಳಿಬಿಟ್ಟ ಪಟ್ಟಿಯ ಅಡಿಯಲ್ಲಿ, ಎರಡೂ ಕಡೆ ನೆತ್ತಿಗೆ ಹತ್ತಿರ, ಒಂದಡಿ ಚೌಕದ ಕಿಂಡಿ ತೆರೆದು ಸೊಳ್ಳೆಪರದೆ ಹೊಲಿಯಿರಿ. ಚಳಿಯೆಂದು ಇದನ್ನು ಮುಚ್ಚುವವರೇ ಹೆಚ್ಚು, ಮುಚ್ಚಿದವರೇ ‘ಹಾಳೆ ಸೋರುತ್ತಿದೆ’ ಎಂದು ದೂರುತ್ತಾರೆ. ಐದು ಜನರ ಉಸಿರು ಬೆವರಿನಿಂದ ರಾತ್ರಿಗೆ ಒಂದೆರಡು ಲೀಟರ್ ನೀರು ಆವಿಯಾಗಿ ತಣ್ಣನೆಯ ಹಾಳೆಗೆ ಹನಿಗಟ್ಟುತ್ತದೆ. ಒದ್ದೆ ಬಟ್ಟೆ ಒಳಗೇ ಹರವಿದರೆ ಇನ್ನೂ ಹೆಚ್ಚು.

ಗೋಡೆ ಹಾಳೆಯ ಬುಡದಲ್ಲಿ ಒಂದಡಿ ಹೊರಮುಖವಾಗಿ ಕಾಲುವೆಯ ಕಡೆಗೆ ಚಾಚಿಸಿ ಮಣ್ಣು ಹಾಕಿ. ಒಳಮುಖವಾಗಿ ಮಡಿಸಿದರೆ ಗೋಡೆಯ ನೀರು ಸೀದಾ ಹಾಸಿಗೆಗೆ ಬರುತ್ತದೆ.

ಎಳೆಹಗ್ಗ ಎಂಟು: ಒಂದನೇ, ಮೂರನೇ, ಐದನೇ ಚೌಕಟ್ಟಿಗೆ ಎರಡೂ ಬದಿ, ಮತ್ತೆ ನೆತ್ತಿಯ ಎರಡು ತುದಿ. ಲಾರಿಯವರು ಲೋಡು ಬಿಗಿಯಲು ಹಾಕುವ ಜಾರುಗಂಟು ಹಾಕಿ. ನೈಲಾನ್ ಹಗ್ಗ ನೆನೆದರೆ ಹಿಗ್ಗುತ್ತದೆ, ಮೊದಲ ಮಳೆಯ ನಂತರ ಎಲ್ಲವನ್ನೂ ಮತ್ತೆ ಬಿಗಿಯಬೇಕು. ಕತ್ತಲಲ್ಲಿ ಎಡವದಂತೆ ಬಿಳಿ ಬಟ್ಟೆ ಕಟ್ಟಿ.

ಹಂತ 8: ನೆಲ ಎತ್ತರಿಸುವುದು

ಸಿಮೆಂಟ್ ಚೀಲಕ್ಕೆ ಮುಕ್ಕಾಲು ಭಾಗ ಮಣ್ಣು ತುಂಬಿ ಬಾಯಿ ಹೊಲಿದು ಗೋಡೆಯ ಒಳಸುತ್ತಿಗೆ ಮಲಗಿಸಿ. ಒಂದು ಸುತ್ತಿಗೆ 30ರಿಂದ 35 ಚೀಲ, ಎತ್ತರ ಐದಾರು ಇಂಚು. ನಡುವೆ ಗೊಚ್ಚು ಮಣ್ಣು ತುಂಬಿ ದಿಮ್ಮಸು ಬಡಿಯಿರಿ. ಲೆಕ್ಕಕ್ಕೆ 85 ಘನ ಅಡಿ, ಬಡಿದಾಗ ಇಳಿಯುವುದು ಸೇರಿ ಒಂದು ಬ್ರಾಸ್ (100 ಘನ ಅಡಿ) ತರಿಸಿ. ಉಳಿದ ಚೀಲಗಳು ಗೋಡೆಯ ಬುಡ ಒತ್ತಲು ಮತ್ತು ಬಾಗಿಲ ಮುಂದಿನ ಇಳಿಜಾರಿಗೆ. ಮೆಟ್ಟಿಲು ಬೇಡ, ವಯಸ್ಸಾದವರಿಗೂ ಗಾಲಿಕುರ್ಚಿಗೂ ಮೂರಡಿ ಅಗಲದ ಇಳಿಜಾರೇ ಆಗಬೇಕು.

ಮೇಲೆ 250ರ ಹಾಳೆ. ನಾಲ್ಕೂ ಅಂಚು ಆರಿಂಚು ಮೇಲಕ್ಕೆ ಮಡಿಸಿ ಕಂಬಗಳಿಗೆ ಕಟ್ಟಿ, ತಟ್ಟೆಯ ಅಂಚಿನ ಹಾಗೆ. ನೀರು, ಉಂಬಳ ಎರಡಕ್ಕೂ ತಡೆ. ಮಣ್ಣು ಸಿಗದ ಕಡೆ ಬಿದಿರಿನ ಅಡ್ಡೆಗಳ ಮೇಲೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಹಾಸಬಹುದು, ಒಂದು ಮಳೆಗಾಲಕ್ಕೆ ಸಾಕು. ಆದರೆ ದಬ್ಬೆಯ ಅಡಿ ಹಾವಿಗೆ ಒಳ್ಳೆಯ ಜಾಗ, ಸುತ್ತಲಿನ ಸಂದು ಬಿಗಿಯಾಗಿ ಮುಚ್ಚಿ.

ಪೈಪು ಸಿಗದಿದ್ದರೆ

ಬಿದಿರಿನಲ್ಲಿ ಇದೇ ಅಳತೆಯ ಚೌಕಟ್ಟು ಮಾಡಬಹುದು. ಕಿರುಬಿದಿರು ಒಳಗೆ ಗಟ್ಟಿ, ಕಂಬ ಪಕಾಸಿಗೆ ಅದೇ ಒಳ್ಳೆಯದು. ಮೂರ್ನಾಲ್ಕು ವರ್ಷ ಬಲಿತದ್ದನ್ನು ಮಳೆಗಾಲ ಕಳೆದ ಮೇಲೆ ಕಡಿಯಿರಿ. ಎಳೆಯದರಲ್ಲಿ ಪಿಷ್ಟ ಹೆಚ್ಚು, ಬೇಗ ಕುಟ್ಟೆ ಹಿಡಿಯುತ್ತದೆ. 100 ಲೀಟರ್ ನೀರಿಗೆ 2 ಕಿಲೋ ಬೋರಿಕ್ ಆಮ್ಲ, 3 ಕಿಲೋ ಬೊರಾಕ್ಸ್ ಕರಗಿಸಿ, ಗಂಟುಗಳ ಒಳತಡೆಗೆ ಉದ್ದ ಕಂಬಿಯಿಂದ ತೂತು ಮಾಡಿ, ಹತ್ತು ದಿನ ಮುಳುಗಿಸಿಡಿ. ಈ ಔಷಧ ಮಳೆಗೆ ತೊಳೆದುಹೋಗುತ್ತದೆ, ಆದ್ದರಿಂದ ಬಿದಿರು ಚಾವಣಿಯ ಅಡಿಯಲ್ಲೇ ಇರಬೇಕು. ನೆಲಕ್ಕೆ ಹೂಳದೆ ಪೈಪಿನ ಸಾಕೆಟ್‌ನಲ್ಲೇ ನಿಲ್ಲಿಸಿ, ಬಿದಿರಿನ ದಪ್ಪಕ್ಕೆ ತಕ್ಕ ದೊಡ್ಡ ಪೈಪು ಬೇಕಾಗುತ್ತದೆ. ಕಾಡಿನ ಬಿದಿರನ್ನು ಅನುಮತಿಯಿಲ್ಲದೆ ಕಡಿದರೆ ಕೇಸಾಗುತ್ತದೆ.

ಬೆಂಕಿ, ಕರೆಂಟು, ಶೌಚಾಲಯ

ಒಲೆ ಒಳಗೆ ಬೇಡ. ಸಿಲ್ಪಾಲಿನ್ ಹೊತ್ತಿದರೆ ಕರಗಿ ಮೈಮೇಲೆ ಹನಿಯುತ್ತದೆ. ಅಡುಗೆಗೆ ಗಾಳಿಯ ಕೆಳಬದಿಯಲ್ಲಿ ತಗಡಿನ ಚಪ್ಪರ ಬೇರೆ ಹಾಕಿ. ಚಳಿ ಕಾಯಿಸಲು ಅಗ್ಗಿಷ್ಟಿಕೆ ಒಳಗಿಟ್ಟು ಮಲಗುವ ಅಭ್ಯಾಸ ಇನ್ನೂ ಅಪಾಯದ್ದು. ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ಕಬ್ಬಿಣದ ಚೌಕಟ್ಟಿನ ಮೇಲೆ ಕರೆಂಟಿನ ವೈರು ಎಳೆಯಬಾರದು, ಸೋಲಾರ್ ದೀಪ ಕೊಡಿ. ಗುಡುಗು ಸಿಡಿಲಿನಲ್ಲಿ ಹತ್ತಿರದ ಪಕ್ಕಾ ಕಟ್ಟಡಕ್ಕೆ ಹೋಗಲು ಹೇಳಿ.

ಶೌಚಾಲಯ 20 ಜನಕ್ಕೆ ಒಂದು, ಬಿಡಾರದಿಂದ 50 ಮೀಟರ್ ಒಳಗೆ, ಬಾವಿಯಿಂದ 30 ಮೀಟರ್ ಆಚೆ, ಒಳಗಿನಿಂದ ಚಿಲಕ, ದಾರಿಗೆ ದೀಪ. ಗುಂಡಿಯ ತಳ ಅಂತರ್ಜಲಕ್ಕಿಂತ ಒಂದೂವರೆ ಮೀಟರ್ ಮೇಲಿರಬೇಕೆಂಬ ನಿಯಮ, ಬಾವಿಗಳೇ ತುಂಬಿ ನಿಲ್ಲುವ ಜುಲೈನಲ್ಲಿ ಇಲ್ಲಿ ಸಾಧ್ಯವಾಗುವುದು ಕಷ್ಟ. ನೆಲದ ಮೇಲೆ ಕಟ್ಟೆ ಎಬ್ಬಿಸಿ ತೊಟ್ಟಿ ಇಟ್ಟು, ತುಂಬಿದಾಗ ಸಕ್ಕಿಂಗ್ ಗಾಡಿ ಕರೆಸುವುದೇ ದಾರಿ. ಆ ಗಾಡಿ ಬರುವ ರಸ್ತೆಯನ್ನು ಮೊದಲೇ ನೋಡಿಕೊಳ್ಳಿ.

ಬಿಚ್ಚುವುದು, ಇಡುವುದು

ವಾರಕ್ಕೊಮ್ಮೆ ಹಗ್ಗ, ನಟ್, ಕಾಲುವೆಯ ಕಸ ನೋಡಲು ಪ್ರತಿ ಐದು ಬಿಡಾರಕ್ಕೆ ಅಲ್ಲಿಯ ನಿವಾಸಿಗಳಲ್ಲೇ ಒಬ್ಬರನ್ನು ಗೊತ್ತುಮಾಡಿ, ಎರಡು ಸ್ಪ್ಯಾನರ್ ಅವರ ಬಳಿಯೇ ಇರಲಿ.

ಬಿಚ್ಚುವಾಗ ಪೈಪಿಗೆ ಬಣ್ಣದ ಗುರುತು ಹಾಕಿ: ಕಂಬಕ್ಕೆ ಕೆಂಪು, ಪಕಾಸಿಗೆ ಹಳದಿ, ಅಡ್ಡಪೈಪಿಗೆ ನೀಲಿ. ಬೋಲ್ಟುಗಳನ್ನು ಎಣಿಸಿ ಡಬ್ಬಿಗೆ ಹಾಕಿ ಸ್ವಲ್ಪ ಗ್ರೀಸ್ ಸವರಿ. ಹಾಳೆಯನ್ನು ಎರಡೂ ಮೈ ಬಿಸಿಲಿಗೆ ಹಾಕಿ ಪೂರ್ತಿ ಒಣಗಿದ ಮೇಲೆ ಸುತ್ತಿ, ಮಡಿಸಬೇಡಿ. ಮಡಿಕೆಯ ಗೆರೆಯಲ್ಲೇ ಮುಂದಿನ ವರ್ಷ ಬಿರಿಯುತ್ತದೆ, ಒದ್ದೆ ಸುತ್ತಿಟ್ಟರೆ ಬೂಷ್ಟು ಹಿಡಿದು ಒಳಗೆ ಮಲಗಲಾಗದಷ್ಟು ವಾಸನೆ ಬರುತ್ತದೆ. ಇಲಿ ಹೋಗದ ಕೋಣೆಯಲ್ಲಿ, ನೆಲದಿಂದ ಮೇಲೆ, ಅಟ್ಟದಲ್ಲಿಡಿ. ಮೇ ತಿಂಗಳ ಕೊನೆಯಲ್ಲಿ ಒಂದು ಬಿಡಾರವನ್ನು ಪೂರ್ತಿ ಎಬ್ಬಿಸಿ ನೋಡಿ. ಕಳೆದುಹೋದ ಬೋಲ್ಟು, ಬಾಗಿದ ಸಾಕೆಟ್ ಅಂಗಡಿ ತೆರೆದಿರುವ ಆ ದಿನಗಳಲ್ಲೇ ಗೊತ್ತಾಗಲಿ.